ಸಂಧಿವಾತಕ್ಕೆ ರೀಶಿ ಅಣಬೆಯೋ, ಟರ್ಕಿ ಟೇಲ್ ಅಣಬೆಯೋ?

ರುಮಟಾಯ್ಡ್ ಸಂಧಿವಾತದಲ್ಲಿ ರೋಗನಿರೋಧಕ ವ್ಯವಸ್ಥೆ ಸ್ವಂತ ಕೀಲುಗಳ ಮೇಲೇ ತಿರುಗಿಬಿದ್ದಿರುತ್ತದೆ. ಹಾಗಾಗಿ ಅಣಬೆ ಪುಡಿಯ ಡಬ್ಬಿಯ ಮೇಲೆ ‘ಇಮ್ಯುನಿಟಿ ಬೂಸ್ಟರ್’ ಎಂದಿದ್ದರೆ ಈ ಕಾಯಿಲೆಯವರು ಹುಷಾರಾಗಬೇಕು.

ಟರ್ಕಿ ಟೇಲ್‌ನಿಂದ ತೆಗೆಯುವ ಪಿಎಸ್‌ಕೆ ಎಂಬ ಸಾರವನ್ನು ಜಪಾನಿನಲ್ಲಿ ಕ್ಯಾನ್ಸರ್ ಚಿಕಿತ್ಸೆಯ ಜೊತೆಗೆ ಕೊಡುತ್ತಿದ್ದರು, ಅದೂ ನಿರೋಧಕ ಕೋಶಗಳನ್ನು ಚುರುಕುಗೊಳಿಸಲೆಂದೇ. ಕೀಲುರೋಗಕ್ಕೆ ಬೇಕಿರುವುದು ಅದರ ಉಲ್ಟಾ. ಇದನ್ನು ಬಿಟ್ಟುಬಿಡಿ.

ರೀಶಿಯ ಲೆಕ್ಕ ಅಷ್ಟು ಸರಳವಲ್ಲ. ಬಿಸಿನೀರಿನ ಸಾರದಲ್ಲಿ ಹೆಚ್ಚಿರುವ ಬೀಟಾ-ಗ್ಲೂಕನ್ ಎಂಬ ನಾರಿನಂಶ, ಮ್ಯಾಕ್ರೋಫೇಜ್ ಎಂಬ ನಿರೋಧಕ ಕೋಶಗಳ ಮೇಲಿನ ಡೆಕ್ಟಿನ್-1 ಗ್ರಾಹಕಕ್ಕೆ ಅಂಟಿ ಅವನ್ನು ಕೆರಳಿಸಬಲ್ಲದು. ಸಂಧಿವಾತಕ್ಕೆ ಸುಲಭವಾಗಿ ತುತ್ತಾಗುವ ಎಸ್‌ಕೆಜಿ ತಳಿಯ ಇಲಿಗಳಿಗೆ ಬೇರೆ ಮೂಲದ ಬೀಟಾ-ಗ್ಲೂಕನ್ ಚುಚ್ಚಿಯೇ ಸಂಧಿವಾತ ಬರಿಸುತ್ತಾರೆ. ಆಲ್ಕೋಹಾಲ್ ಸಾರದ ಟ್ರೈಟರ್ಪೀನ್ ಎಂಬ ಕಹಿ ಸಂಯುಕ್ತಗಳು ಮಾತ್ರ ಲ್ಯಾಬಿನ ಕೋಶಗಳಲ್ಲಿ ಟಿಎನ್‌ಎಫ್‌ನಂಥ ಉರಿಯೂತದ ಸಂಕೇತಗಳನ್ನು ತಗ್ಗಿಸುತ್ತವೆ. ಮನುಷ್ಯರಲ್ಲಿ? ಹಾಂಗ್‌ಕಾಂಗ್‌ನಲ್ಲಿ ನಡೆದು 2007ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ 65 ರೋಗಿಗಳಿದ್ದರು. ಒಂದು ಗುಂಪಿಗೆ 24 ವಾರ, ದಿನಕ್ಕೆ 4 ಗ್ರಾಂ ರೀಶಿ, ಜೊತೆಗೆ 2.4 ಗ್ರಾಂ ಸಾನ್ ಮಿಯಾವೊ ಸಾನ್ ಎಂಬ ಚೀನೀ ಮೂಲಿಕೆ ಮಿಶ್ರಣ. ನೋವು ತುಸು ತಗ್ಗಿತು, ಉರಿಯೂತ ತಗ್ಗಿದ್ದು ಕಾಣಲಿಲ್ಲ. ಆ ನೋವಿನ ಉಪಶಮನವೂ ರೀಶಿಯೊಂದರದ್ದೇ ಎನ್ನುವಂತಿಲ್ಲ.

ಆದರೂ ತಗೊಳ್ಳುವುದಾದರೆ ರೀಶಿ, ಅದೂ ಸಂಧಿವಾತದ ಔಷಧಿಯಾದ ಮೆಥೊಟ್ರೆಕ್ಸೇಟ್ ನಿಲ್ಲಿಸದೆ, ರುಮಟಾಲಜಿಸ್ಟ್‌ಗೆ (ಕೀಲುರೋಗ ತಜ್ಞರಿಗೆ) ತಿಳಿಸಿಯೇ. ಲೇಬಲ್‌ನಲ್ಲಿ ಬರೀ ‘ಪಾಲಿಸ್ಯಾಕರೈಡ್ 40%’ (ಬೀಟಾ-ಗ್ಲೂಕನ್, ಪಿಷ್ಟದಂಥವುಗಳ ಒಟ್ಟು ಹೆಸರು) ಎಂದಿದ್ದರೆ ನಂಬಬೇಡಿ: ಧಾನ್ಯದ ಮೇಲೆ ಬೆಳೆಸಿದ ಮೈಸೀಲಿಯಂ (ಅಣಬೆಯ ಬೇರಿನಂಥ ಎಳೆಗಳು) ಪುಡಿಯಾದರೆ ಆ ಲೆಕ್ಕದಲ್ಲಿ ಪಿಷ್ಟವೂ ಸೇರಿರುತ್ತದೆ. ಟ್ರೈಟರ್ಪೀನ್ ಪ್ರಮಾಣ ಬೇರೆಯಾಗಿ ನಮೂದಿಸಿರಬೇಕು. ರೀಶಿ ಪುಡಿಯಿಂದ ಲಿವರ್‌ಗೆ ಪೆಟ್ಟಾದ ಪ್ರಕರಣಗಳಿವೆ, ಮೆಥೊಟ್ರೆಕ್ಸೇಟೂ ಲಿವರ್‌ಗೆ ಭಾರವೇ, ಎಲ್‌ಎಫ್‌ಟಿ (ಲಿವರ್‌ನ ರಕ್ತಪರೀಕ್ಷೆ) ತಪ್ಪಿಸಬೇಡಿ. ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್, ಆಸ್ಪಿರಿನ್ ನುಂಗುವವರಿಗೆ ರಕ್ತಸ್ರಾವದ ಭಯವಿರುವುದರಿಂದ ರೀಶಿಯೂ ಬೇಡ.