ಗ್ಯಾಸ್ ಸೋರಿಕೆ ಅಲಾರಂ: ಆರು ತಿಂಗಳು ಬಳಸಿದ ಮೇಲೆ

ಡೊಂಬಿವಲಿಯ ನಮ್ಮ ಅಡುಗೆಮನೆ ಇಬ್ಬರು ನಿಂತರೆ ತುಂಬಿಹೋಗುತ್ತದೆ. ಮಳೆಗಾಲದಲ್ಲಿ ಕಿಟಕಿಯೂ ಮುಚ್ಚಿರುತ್ತದೆ. ಅದಕ್ಕೇ 1,150 ರೂಪಾಯಿ ಕೊಟ್ಟು ಈ ಅಲಾರಂ ತಂದೆ. ಪ್ಲಗ್‌ಗೆ ಸಿಕ್ಕಿಸಿದರೆ ಆಯಿತು.

ತಂದುಕೊಟ್ಟ ಹುಡುಗ ಅದನ್ನು ಮೇಲೆ, ಮಿಕ್ಸಿಯ ಸ್ವಿಚ್‌ಬೋರ್ಡಿಗೆ ಹಾಕಿ ಹೋದ. ತಪ್ಪು. ಸಿಲಿಂಡರಿನ ಗ್ಯಾಸ್ ಗಾಳಿಗಿಂತ ಭಾರ, ನೆಲದ ಹತ್ತಿರವೇ ಹರಡಿಕೊಳ್ಳುತ್ತದೆ. ಹಾಗಾಗಿ ಅಲಾರಂ ಕೆಳಗಿರಬೇಕು. ಪೈಪ್ ಗ್ಯಾಸ್ ಇದ್ದವರಿಗೆ ಉಲ್ಟಾ. ಅದು ಹಗುರ, ಮೇಲಕ್ಕೆ ಏರುತ್ತದೆ. ಡಬ್ಬಿಯೊಳಗಿನ ಚೀಟಿಯಲ್ಲಿ ಇದನ್ನು ಇರುವೆಯಷ್ಟು ಸಣ್ಣ ಅಕ್ಷರದಲ್ಲಿ ಬರೆದಿದ್ದಾರೆ! ಫ್ರಿಜ್ ಪಕ್ಕದ ಕೆಳಗಿನ ಪ್ಲಗ್‌ಗೆ ನಾನೇ ಬದಲಿಸಿದೆ.

ಮಗ ಸೆಂಟ್ ಹೊಡೆದುಕೊಂಡು ನೀರು ಕುಡಿಯಲು ಬಂದರೂ ಸುಮ್ನೆ ಕಿರುಚುತ್ತದೆ. "ಇದಕ್ಕಿಂತ ನನ್ನ ಮೂಗೇ ವಾಸಿ ಮಾರಾಯ್ತಿ" ಅಂದಿದ್ದರು ಅತ್ತೆ. ಆದರೆ ನೆಗಡಿಯಾದಾಗ ಮೂಗನ್ನು ನಂಬುವ ಹಾಗಿಲ್ಲ, ಅಲ್ವಾ? ಕಳೆದ ತಿಂಗಳು ಮನೆಯವರಿಗೆಲ್ಲ ನೆಗಡಿ. ಬೆಳಿಗ್ಗೆ ಐದೂವರೆಗೆ ಅಲಾರಂ ಹೊಡೆದುಕೊಂಡಿತು. ಲೈಟ್ ಹಾಕಲಿಲ್ಲ. ಕತ್ತಲಲ್ಲೇ ರೆಗ್ಯುಲೇಟರ್ ಬಂದ್ ಮಾಡಿ, ಕಿಟಕಿ ತೆರೆದು, ಹೊರಗೆ ಹೋಗಿ ಗ್ಯಾಸ್ ಸೋರಿಕೆಯ ತುರ್ತು ಸಹಾಯವಾಣಿ 1906ಕ್ಕೆ ಫೋನ್ ಮಾಡಿದೆವು. ನೋಡಿದರೆ ಸ್ಟವ್ ಹತ್ತಿರ ಕಿತ್ತಳೆ ಪೈಪ್ ಬಿರುಕು ಬಿಟ್ಟಿತ್ತು. ಐದು ವರ್ಷಕ್ಕೆ ಬದಲಿಸಬೇಕಾದ್ದು. ನಮ್ಮದಕ್ಕೆ ಏಳಾಗಿತ್ತು, ನಾಚಿಕೆಯ ವಿಷಯ.

ಒಳಗೆ ಬ್ಯಾಟರಿ ಇಲ್ಲ, ಕರೆಂಟ್ ಹೋದರೆ ಇದೂ ಮಲಗುತ್ತದೆ. ಅದಕ್ಕೆ ಒಂದು ನಕ್ಷತ್ರ ಕಡಿಮೆ. ಸೆಂಟಿನ ರಗಳೆಗೆ ಇನ್ನರ್ಧ. ಅತ್ತೆ ಮಾತ್ರ ಈಗ ದಿನಾ ಅದರ ಧೂಳು ಒರೆಸುತ್ತಾರೆ.