ಬ್ಯಾಕಪ್ ಗಾಡಿ ಇದೆ ಅಂದ ಮಾತ್ರಕ್ಕೆ ದುಡ್ಡು ಕಟ್ಟಬೇಡಿ

ಟೂರಿಂಗ್ ಬೈಕ್ ತಗೊಂಡು, ಮೊದಲ ಸಲ ಯಾವುದಾದರೂ ಗ್ರೂಪ್ ಜೊತೆ ರೈಡ್ ಹೋಗೋಣ ಅಂದುಕೊಂಡಿರುವವರು ದಯವಿಟ್ಟು ಇದನ್ನು ಓದಿ. ದುಡ್ಡು ಕಟ್ಟುವ ಮೊದಲೇ ಓದಿ.

ಬೆಂಗಳೂರಿನ ಒಂದು ಗ್ರೂಪ್. ಹಾಸನ, ಬೇಲೂರು, ಮೂಡಿಗೆರೆ ಮೇಲೆ ಕೊಟ್ಟಿಗೆಹಾರ, ಮಾರನೇ ದಿನ ಚಾರ್ಮಾಡಿ ಘಾಟಿ. ತಲೆಗೆ 4,500 ರೂಪಾಯಿ. ಹೋಮ್‌ಸ್ಟೇ, ಊಟ, ಮುಂದೆ ದಾರಿ ತೋರಿಸೋಕೆ ಲೀಡ್ ರೈಡರ್, ಯಾರೂ ಹಿಂದೆ ಉಳಿಯದಂತೆ ಎಲ್ಲರಿಗಿಂತ ಕೊನೆಗೆ ಬರುವ ಸ್ವೀಪ್ ರೈಡರ್, ಮೆಕ್ಯಾನಿಕ್ ಇರುವ ಬ್ಯಾಕಪ್ ಗಾಡಿ ಅಂತ ಪೋಸ್ಟರ್‌ನಲ್ಲೇ ಹಾಕಿದ್ದರು. ನಾನು ದುಡ್ಡು ಕಟ್ಟಿದ್ದೇ ಆ ಬ್ಯಾಕಪ್ ಗಾಡಿ ನೋಡಿ. ನನ್ನದು ಹಿಮಾಲಯನ್ 411 ಬೈಕ್, ಟ್ಯೂಬ್ ಇರುವ ಟೈರ್. ಪಂಕ್ಚರ್ ಆದರೆ ಟ್ಯೂಬ್‌ಲೆಸ್ ಥರ ಪ್ಲಗ್ ತುರುಕಿ ಹೊರಡೋಕೆ ಆಗಲ್ಲ, ಟೈರ್ ಬಿಚ್ಚಿ ಟ್ಯೂಬ್ ಹೊರಗೆ ತೆಗೆಯಬೇಕು. ಇದನ್ನು ಫೋನಲ್ಲೇ ಹೇಳಿದ್ದೆ. "ಟೆನ್ಶನ್ ಬೇಡ ಬ್ರೋ, ಗಾಡಿಯಲ್ಲಿ ಎಲ್ಲಾ ಇರುತ್ತೆ" ಅಂದರು.

ನೆಲಮಂಗಲದಲ್ಲಿ ಸೇರಿದಾಗ ಆ ಗಾಡಿ ಕಾಣಲಿಲ್ಲ. ಕೇಳಿದೆ. "ಹಿಂದೆ ಬರ್ತಿದೆ ಬ್ರೋ." ಬ್ರೀಫಿಂಗ್ ಸೆಲ್ಫಿಯಲ್ಲೇ ಮುಗಿಯಿತು. ಕುಣಿಗಲ್ ದಾಟುವಷ್ಟರಲ್ಲಿ ಲೀಡ್ ನಾಪತ್ತೆ. ಗ್ರೂಪ್ ರೈಡ್ ಅಂದರೆ ನಿಧಾನ ಇರುವವರಿಗೆ ಉಳಿದವರು ಹೊಂದಿಕೊಳ್ಳಬೇಕು ಅಲ್ವಾ? ಇಲ್ಲಿ 120ರ ಮೇಲೆ ಓಡಿಸುವ ನಾಲ್ಕೈದು ಜನರೇ ಗ್ರೂಪ್. ಮಿಕ್ಕವರು ಅವರವರ ಪಾಡು.

ಮೂಡಿಗೆರೆ ದಾಟಿದ ಮೇಲೆ ನನ್ನ ಹಿಂದಿನ ಟೈರ್ ಪಂಕ್ಚರ್ ಆಯಿತು. ಜುಲೈ ಮಳೆ, ಕತ್ತಲಾಗುತ್ತಾ ಬಂದಿತ್ತು. ಸ್ವೀಪ್ ಹಿಂದೆ ಇದ್ದಾನಲ್ಲ, ಬರುತ್ತಾನೆ ಅಂತ ಕಾದೆ. ಬರಲಿಲ್ಲ. ನಾವು ಬೇಲೂರಿನಲ್ಲಿ ಟೀ ಕುಡಿಯುವಾಗಲೇ ಅವನು ಮುಂದೆ ಹೋಗಿದ್ದನಂತೆ. ಎಲ್ಲರಿಗಿಂತ ಕೊನೆಗೆ ಇರಬೇಕಾದವನು! ಆರ್ಗನೈಸರ್‌ಗೆ ಫೋನ್ ಮಾಡಿದೆ, ಎತ್ತಲಿಲ್ಲ. ಮತ್ತೆ ಮಾಡಿದೆ, ಎತ್ತಲಿಲ್ಲ.

ಆಗ ವಾಟ್ಸಾಪ್‌ಗೆ ಒಂದು ಫೋಟೋ ಬಂತು. ಹೋಮ್‌ಸ್ಟೇ ಜಗಲಿಯಲ್ಲಿ ಎಲ್ಲರ ಕೈಯಲ್ಲೂ ಕಾಫಿ. ಹಿಂದೆ ಒಂದು ಬಿಳಿ ಕಾರು. ಕೆಳಗೆ "ಬ್ಯಾಕಪ್ ಟೀಮ್ ಮಧ್ಯಾಹ್ನವೇ ರೀಚ್ಡ್" ಅಂತ ಬರೆದಿದ್ದರು. ಮಧ್ಯಾಹ್ನವೇ! ನಾನು ಮಳೆಯಲ್ಲಿ ನಿಂತು ಯಾವ ಗಾಡಿಗೆ ಕಾಯುತ್ತಿದ್ದೆನೋ, ಅದು ಯಾವತ್ತೂ ನಮ್ಮ ಹಿಂದೆ ಇರಲೇ ಇಲ್ಲ. ಅದು ಆರ್ಗನೈಸರ್ ಸ್ನೇಹಿತರು ಮನೆಯವರ ಜೊತೆ ಟ್ರಿಪ್ ಬಂದ ಕಾರು. ಮೆಕ್ಯಾನಿಕ್ ಇಲ್ಲ, ಪಂಪ್ ಇಲ್ಲ. ಹೊಟ್ಟೆ ಉರಿದುಹೋಯಿತು.

ಕೊನೆಗೆ ತೋಟದ ಕಡೆಯಿಂದ ಬಂದ ಪಿಕಪ್‌ನವರೊಬ್ಬರು ಬೈಕ್ ಹತ್ತಿಸಿಕೊಂಡು ಮೂಡಿಗೆರೆಯ ಪಂಕ್ಚರ್ ಅಂಗಡಿಗೆ ಬಿಟ್ಟರು. ಪುಣ್ಯಾತ್ಮ, ಡೀಸೆಲ್ ದುಡ್ಡು ಕೊಟ್ಟರೂ ಬೇಡ ಅಂದರು.

ರಾತ್ರಿ ಹೋಮ್‌ಸ್ಟೇಗೆ ಹೋಗಿ ಕೇಳಿದರೆ ಆರ್ಗನೈಸರ್ ಎಲ್ಲರ ಮುಂದೆ ಹೇಳಿದ್ದು ಕೇಳಿ: "ಟ್ಯೂಬ್ ಟೈರ್ ಗಾಡಿ ತರುವವರು ಸ್ಪೇರ್ ಟ್ಯೂಬ್ ಇಟ್ಕೋಬೇಕು ಬ್ರೋ. ನಮ್ಮದು ಟೂರಿಂಗ್ ಗ್ರೂಪ್, ಸಿಟಿ ರೈಡರ್ಸ್‌ಗೆ ಅಲ್ಲ." ಹೊಸಬರ ಮಧ್ಯೆ ಮುಖ ಎತ್ತೋಕೆ ಆಗಲಿಲ್ಲ ನನಗೆ. ಬ್ಯಾಕಪ್‌ಗೆ ಅಂತ ತಗೊಂಡ ದುಡ್ಡಾದರೂ ವಾಪಸ್ ಕೊಡಿ ಅಂದೆ. "ಬ್ರದರ್‌ಹುಡ್‌ನಲ್ಲಿ ಲೆಕ್ಕ ಮಾತಾಡಬಾರದು." ಬೆಂಗಳೂರಿಗೆ ಬಂದ ಮೇಲೆ ಮತ್ತೆ ಮೆಸೇಜ್ ಹಾಕಿದೆ. ಗ್ರೂಪ್‌ನಿಂದಲೇ ತೆಗೆದುಹಾಕಿದರು. 4,500 ತಗೊಳ್ಳುವಾಗ ಲೆಕ್ಕ ಇತ್ತಲ್ಲ?

ಹೋಗುವವರು ಹೋಗಿ. ಆದರೆ ದುಡ್ಡು ಹಾಕುವ ಮೊದಲು ಬ್ಯಾಕಪ್ ಗಾಡಿಯ ನಂಬರ್, ಡ್ರೈವರ್ ಫೋನ್ ನಂಬರ್ ಕೇಳಿ. ಸ್ವೀಪ್ ಯಾರು ಅಂತ ಹೆಸರು ಹಿಡಿದು ಕೇಳಿ. ಹೊರಡುವ ಜಾಗದಲ್ಲಿ ಗಾಡಿ ಕಣ್ಣಿಗೆ ಕಾಣಬೇಕು. "ಹಿಂದೆ ಬರ್ತಿದೆ ಬ್ರೋ" ಅಂದರೆ ಅಲ್ಲಿಂದಲೇ ಮನೆಗೆ ವಾಪಸ್ ಬನ್ನಿ. ಇದೇ ಜನ ಈಗ ಕುದುರೆಮುಖ ರೈಡ್‌ಗೆ ದುಡ್ಡು ಕೇಳುತ್ತಿದ್ದಾರೆ. ಪೋಸ್ಟರ್‌ನಲ್ಲಿ ಅದೇ ಬ್ಯಾಕಪ್ ಗಾಡಿ, ಅದೇ ಮೆಕ್ಯಾನಿಕ್.