ದಾವಣಗೆರೆಯವರಿಗೆ ಶಿವಮೊಗ್ಗ ವಿಮಾನ ನಿಲ್ದಾಣ ಅನುಕೂಲವೇ?

ಹೈದರಾಬಾದಿನ ಮಗಳ ಮನೆಗೆ ಹೋಗಬೇಕೆಂದರೆ ನಮಗೆ ರಾತ್ರಿಯಿಡೀ ಬಸ್ಸೇ ಗತಿ. ಅತ್ತೆಯ ಮೊಣಕಾಲು ಅದಕ್ಕೆ ಒಪ್ಪಲಿಲ್ಲ. ಹಾಗಾಗಿ ಈ ಸಲ ಶಿವಮೊಗ್ಗದಿಂದ ವಿಮಾನ ಹತ್ತಿದೆವು. ನಮ್ಮ ಬೀದಿಯಲ್ಲಿ ಸಿಕ್ಕವರೆಲ್ಲ ಹೇಗಿದೆ, ಹೇಗಿದೆ ಅಂತ ಕೇಳುತ್ತಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ನಿಲ್ದಾಣ ಇರುವುದು ಸೋಗಾನೆಯಲ್ಲಿ. ಹರಿಹರ, ಮಲೇಬೆನ್ನೂರು, ಹೊನ್ನಾಳಿ ಮೇಲೆ ಹೋಗಿ ಶಿವಮೊಗ್ಗ ಊರನ್ನೂ ದಾಟಬೇಕು. ಮಲೇಬೆನ್ನೂರಿನ ಹತ್ತಿರ ಭದ್ರಾ ನೀರಿನ ಗದ್ದೆ ನೋಡುತ್ತಾ ಹೋಗುವುದು ಚೆಂದವೇ. ಆದರೆ ಭತ್ತದ ಕೊಯ್ಲಿನ ಕಾಲದಲ್ಲಿ ಟ್ರ್ಯಾಕ್ಟರ್ ಹಿಂದೆ ಸಿಕ್ಕಿಕೊಂಡರೆ ಮುಗೀತು. ಮೂರು ಗಂಟೆ ಕೈಯಲ್ಲಿಟ್ಟುಕೊಂಡೇ ಹೊರಡಿ.

ಕುವೆಂಪು ಹೆಸರಿನ ಈ ನಿಲ್ದಾಣ ಉದ್ಘಾಟನೆ ಆಗಿದ್ದು 2023ರ ಫೆಬ್ರುವರಿಯಲ್ಲಿ. ಬೆಂಗಳೂರಿಂದ ಮೊದಲ ವಿಮಾನ ಬಂದಿದ್ದು ಅದೇ ವರ್ಷ ಆಗಸ್ಟ್ 31ಕ್ಕೆ. ಕಮಲದ ಆಕಾರದ ಕಟ್ಟಡ. ರನ್‌ವೇ ಮಾತ್ರ ಮೂರು ಕಿಲೋಮೀಟರಿಗಿಂತ ಉದ್ದ, ದೊಡ್ಡ ಜೆಟ್ಟೂ ಇಳಿಯಬಹುದು. ನಾವು ಹತ್ತಿದ್ದು ಪಂಖದ ಚಿಕ್ಕ ವಿಮಾನ.

ಚಿಕ್ಕ ನಿಲ್ದಾಣದ ಸುಖ ವಯಸ್ಸಾದವರನ್ನು ಕರೆದುಕೊಂಡು ಹೋದಾಗ ಗೊತ್ತಾಗುತ್ತದೆ. ದೇವನಹಳ್ಳಿಯಲ್ಲಿ ಒಳಗೇ ಒಂದು ಊರು ನಡೆದಂತಾಗುತ್ತದೆ. ಇಲ್ಲಿ ಕಾರು ಇಳಿದ ಜಾಗದಿಂದ ಕೌಂಟರ್ ಕಣ್ಣಿಗೇ ಕಾಣುತ್ತದೆ. ಗಾಲಿಕುರ್ಚಿ ಕೇಳಿದ ಕೂಡಲೇ ಬಂತು. ತಪಾಸಣೆಯಲ್ಲಿ ಅತ್ತೆಯ ಚೀಲದಿಂದ ಡಬ್ಬಿ ತೆಗೆಸಿದರು. ಮುಚ್ಚಳ ತೆಗೆದರೆ ಶೇಂಗಾ ಹೋಳಿಗೆ, ಮೇಲೊಂದು ತುಪ್ಪದ ಕಾಗದ. ಅತ್ತೆ ಆ ಹುಡುಗಿಗೆ "ಯಾವೂರಮ್ಮ ನಿಂದು? ಒಂದು ತಗೋ" ಅಂದರು. ಆಕೆ ನಕ್ಕು, "ಬೇಡ ಅಜ್ಜಿ, ಡ್ಯೂಟಿಯಲ್ಲಿದ್ದೀನಿ" ಅಂತ ಮುಚ್ಚಳ ಹಾಕಿ ಕೊಟ್ಟಳು. ವಿಮಾನ ಏರಿದ ಮೇಲೆ ಮಾತಾಡುವಂಥದ್ದೇನೂ ಇಲ್ಲ. ಸದ್ದು ಸ್ವಲ್ಪ ಜಾಸ್ತಿ, ಅಷ್ಟೇ.

ನನ್ನ ತಕರಾರು ವಿಮಾನದ ಬಗ್ಗೆ ಅಲ್ಲ, ರಸ್ತೆಯದ್ದು. ವಾಪಸ್ ಬಂದಾಗ ಹೊರಗೆ ದಾವಣಗೆರೆ ಬೋರ್ಡಿನ ಬಸ್ಸು ಕಾಣಲಿಲ್ಲ. ಒಬ್ಬ ಟ್ಯಾಕ್ಸಿಯವನು "ಬರುವಾಗ ಖಾಲಿ ಬರಬೇಕಲ್ಲ ಮೇಡಂ" ಅಂತ ಎರಡೂ ಕಡೆಯ ಬಾಡಿಗೆ ಕೇಳಿದ. ಕೊಟ್ಟೆವು, ಇನ್ನೇನು ಮಾಡೋದು? ಲೆಕ್ಕ ಹಾಕಿದರೆ ಒಬ್ಬರ ಟಿಕೆಟ್ಟಿಗಿಂತ ಕಾರೇ ದುಬಾರಿ ಬಿತ್ತು. ನಮ್ಮೂರಿಗೂ ಒಂದು ವಿಮಾನ ನಿಲ್ದಾಣ ಬೇಕು ಅಂತ ಇಲ್ಲಿ ಆಗಾಗ ಮಾತು ಏಳುತ್ತದೆ. ಬೇಡ ಅನ್ನಲ್ಲ. ಆದರೆ ಅದಕ್ಕೆ ಮೊದಲು ಸೋಗಾನೆಯ ವಿಮಾನದ ಹೊತ್ತಿಗೆ ಹೊಂದುವ ಹಾಗೆ ಹೊನ್ನಾಳಿ ಮೇಲೆ ಒಂದು ಬಸ್ ಬಿಟ್ಟರೆ ಮಲೇಬೆನ್ನೂರು, ಹರಿಹರದವರೂ ಹತ್ತುತ್ತಾರೆ. ಸೀಟು ತುಂಬಿದರೆ ತಾನೇ ಕಂಪನಿಗಳು ವಿಮಾನ ಉಳಿಸಿಕೊಳ್ಳೋದು?

ಬೆಂಗಳೂರಿಗೆ ಹೋಗುವವರು ಸುಮ್ನೆ ಇಷ್ಟು ದೂರ ಹೋಗಬೇಡಿ. ವಂದೇ ಭಾರತ್ ದಾವಣಗೆರೆಯಲ್ಲೇ ನಿಲ್ಲುತ್ತದೆ. ಹೈದರಾಬಾದಿನಂಥ ಊರಿಗೆ, ಅದರಲ್ಲೂ ಹಿರಿಯರು ಜೊತೆಗಿದ್ದರೆ, ಧಾರಾಳವಾಗಿ ಹೋಗಿ. ಐದಕ್ಕೆ ನಾಲ್ಕು ಕೊಡುತ್ತೇನೆ. ವೇಳಾಪಟ್ಟಿ ಆಗಾಗ ಬದಲಾಗುತ್ತದೆ, ನೋಡಿಕೊಂಡು ಬುಕ್ ಮಾಡಿ. ಕಾರನ್ನು ಊರಿಂದಲೇ ಎರಡೂ ಕಡೆಗೆ ಮಾತಾಡಿಕೊಂಡು ಹೋಗಿ.